ರೋಮಿನಿಂದ ಕಂಬ ತಂದೆವು, ಗಾರೆಯನ್ನು ಅಲ್ಲೇ ಬಿಟ್ಟೆವು

ಸಂಪಾದಕರಿಗೆ,

ಮಾನ್ಯರೇ,

ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಗಂಗಾವತಿ, ಕೊಪ್ಪಳದ ಹೊಸ ಬಡಾವಣೆಗಳಲ್ಲಿ ಏಳುತ್ತಿರುವ ಮನೆ, ಕಲ್ಯಾಣ ಮಂಟಪ, ಖಾಸಗಿ ಕಾಲೇಜುಗಳ ಮುಂಭಾಗಗಳು ಈಗ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಎರಡಂತಸ್ತಿನೆತ್ತರದ ದುಂಡು ಕಂಬಗಳು, ಕಂಬದ ನೆತ್ತಿಯಲ್ಲಿ ಎಲೆಗಳ ಕೆತ್ತನೆ, ಅದರ ಮೇಲೆ ತ್ರಿಕೋನದ ಮುಖ, ಕಿಟಕಿಗಳಿಗೆ ಅರ್ಧವೃತ್ತದ ಕಮಾನು. ‘ರೋಮನ್ ಎಲಿವೇಶನ್’ ಎಂದು ನಕ್ಷೆ ಬರೆಯುವವರೂ ಗೌಂಡಿಗಳೂ ಇದನ್ನು ಕರೆಯುತ್ತಾರೆ. ಈ ಆಸೆಯನ್ನು ಹಳಿಯಲು ನಾವು ಬರೆಯುತ್ತಿಲ್ಲ. ಜೀವಮಾನದ ಉಳಿತಾಯ ಸುರಿದು ಮನೆ ಕಟ್ಟುವವರಿಗೆ ಮುಂಭಾಗ ಚೆಂದ ಇರಲಿ ಎಂಬ ಆಸೆ ಸಹಜವಾದದ್ದು. ನಮಗೆ ನೋವಾಗುವುದು ಬೇರೆ ಕಾರಣಕ್ಕೆ. ಎರಡು ಸಾವಿರ ವರ್ಷ ನಿಂತ ಕಟ್ಟಡಗಳ ಹೆಸರು ಹೇಳಿ ಕಟ್ಟಿದ ಪೋರ್ಟಿಕೋಗಳು ನಾಲ್ಕು ಮಳೆಗಾಲ ಕಳೆಯುವುದರೊಳಗೆ ಸೀಳುತ್ತಿವೆ. ರೋಮಿನ ಕಟ್ಟಡಗಳನ್ನು ಉಳಿಸಿದ್ದು ಅವುಗಳ ಗಾರೆ, ಕಮಾನಿನ ಲೆಕ್ಕ, ನೀರನ್ನು ಗೋಡೆಯಿಂದ ದೂರ ಇಡುವ ಜಾಣ್ಮೆ. ಈ ಮೂರಕ್ಕೂ ಬೇಕಾದ ಸಾಮಗ್ರಿ ಬಳ್ಳಾರಿ, ಕೊಪ್ಪಳ, ರಾಯಚೂರು ಎಂಬ ನಮ್ಮ ಮೂರು ಜಿಲ್ಲೆಗಳಲ್ಲೇ ಬಿದ್ದಿದೆ. ಹೀಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಓದುಗರ ಮುಂದಿಡಲು ಅವಕಾಶ ಕೋರುತ್ತೇವೆ.

ಗಾರೆಯಿಂದ ಶುರು ಮಾಡೋಣ. ಸುಣ್ಣ, ಉಸುಕು ಕಲಸಿದ ಸಾದಾ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುತ್ತದೆ. ದಪ್ಪ ಗೋಡೆಯ ಒಡಲಿಗೆ, ನೀರಿನ ತಳಕ್ಕೆ ಗಾಳಿ ತಲುಪದು. ಅಲ್ಲಿ ಆ ಗಾರೆ ವರ್ಷಗಟ್ಟಲೆ ಮೆತ್ತಗೇ ಉಳಿಯುತ್ತದೆ. ರೋಮನ್ನರು ನೇಪಲ್ಸ್ ಕೊಲ್ಲಿಯ ದಂಡೆಯ ಪೊಝೂಲಿ ಸುತ್ತಮುತ್ತ ಅಗೆದ ಜ್ವಾಲಾಮುಖಿ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ಈ ತೊಡಕನ್ನು ಕಳೆದುಕೊಂಡರು. ಆ ಬೂದಿಯಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾ ನೀರಿದ್ದಲ್ಲೇ ಸುಣ್ಣದೊಡನೆ ಕೂಡಿ, ಮತ್ತೆ ಕರಗದ ಅಂಟಾಗುತ್ತವೆ. ಕ್ರಿಸ್ತಪೂರ್ವ 1ನೇ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಅಳತೆಗಳನ್ನೇ ಬರೆದಿಟ್ಟಿದ್ದಾನೆ. ನೆಲದಿಂದ ಅಗೆದ ಉಸುಕಾದರೆ ಮೂರು ಪಾಲಿಗೆ ಒಂದು ಪಾಲು ಸುಣ್ಣ. ಹೊಳೆಯ ಅಥವಾ ಸಮುದ್ರದ ಉಸುಕಾದರೆ ಎರಡಕ್ಕೆ ಒಂದು. ಹೊಳೆ ಉಸುಕಿಗೆ ಸುಟ್ಟ ಮಡಕೆ, ಹೆಂಚುಗಳನ್ನು ಕುಟ್ಟಿ ಜರಡಿ ಹಿಡಿದ ಪುಡಿಯನ್ನು ಮೂರನೇ ಒಂದು ಪಾಲು ಸೇರಿಸಿದರೆ ಇನ್ನೂ ಉತ್ತಮ. ನೀರಿನೊಳಗಿನ ಕೆಲಸಕ್ಕೆ ಬೂದಿ ಎರಡು ಪಾಲು, ಸುಣ್ಣ ಒಂದು ಪಾಲು.

ಆ ಹೆಂಚಿನ ಪುಡಿಯೇ ನಮ್ಮ ಹಿರಿಯ ಗೌಂಡಿಗಳ ಸುರ್ಕಿ. ಅದು ಎಷ್ಟು ಬಾಳುತ್ತದೆ ಎಂದು ನೋಡಲು ಇಟಲಿಗೆ ಹೋಗಬೇಕಿಲ್ಲ, ಮುನಿರಾಬಾದಿಗೆ ಹೋದರೆ ಸಾಕು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಕಟ್ಟೆ. ಉದ್ದ ಸುಮಾರು 2.4 ಕಿಲೋಮೀಟರ್, ಎತ್ತರ ಸುಮಾರು 49 ಮೀಟರ್. ದಕ್ಷಿಣ ಫ್ರಾನ್ಸಿನಲ್ಲಿ ರೋಮನ್ನರು ನೀರು ಸಾಗಿಸಲು ಕಟ್ಟಿದ ಮೂರಂತಸ್ತಿನ ಕಮಾನು ಸೇತುವೆ ಪೋಂ ದ್ಯು ಗಾರ್ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. 2024ರ ಆಗಸ್ಟ್‌ನಲ್ಲಿ ಕಟ್ಟೆಯ ನೀರು ಹೊರಬಿಡುವ 19ನೇ ಕ್ರಸ್ಟ್ ಗೇಟು ಕೊಚ್ಚಿ ಹೋದಾಗ ಕಡಿದದ್ದು ಕಬ್ಬಿಣದ ಸರಪಳಿ. ಏಳು ದಶಕ ನೀರಿನ ಒತ್ತಡ ತಡೆದ ಕಲ್ಲು–ಗಾರೆಯ ಒಡಲು ಅಂದೂ ಜಗ್ಗಲಿಲ್ಲ. ಸಿಂಧನೂರಿನ ಭತ್ತಕ್ಕೆ ನೀರುಣಿಸುವ ಕಟ್ಟೆಯೇ ಇಂಥ ಗಾರೆಯ ಮೇಲೆ ನಿಂತಿರುವಾಗ ಅದೇ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸುರ್ಕಿಯನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವೂ ಸಿಗದಿರುವುದು ಸರಿಯಲ್ಲ.

ಜ್ವಾಲಾಮುಖಿ ನಮ್ಮಲ್ಲಿಲ್ಲ, ನಿಜ. ಆದರೆ ಅದೇ ಗುಣದ ಬೂದಿ ದಿನವೂ ಬೀಳುತ್ತಿದೆ. ಶಕ್ತಿನಗರದಲ್ಲಿ 1720 ಮೆಗಾವಾಟ್, ಯರಮರಸ್‌ನಲ್ಲಿ 1600, ಕುಡತಿನಿಯಲ್ಲಿ 1700 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರಗಳಿವೆ. ಭಾರತದ ಕಲ್ಲಿದ್ದಲಿನಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಬೂದಿ. ಕುಲುಮೆಯ ಬೆಂಕಿಯಲ್ಲಿ ಕರಗಿ, ಹೊಗೆಯೊಡನೆ ಹಾರುತ್ತಾ ಥಟ್ಟನೆ ತಣಿಯುವ ಈ ಕಣಗಳು ಹರಳುಗಟ್ಟುವಷ್ಟು ಬಿಡುವಿಲ್ಲದೆ ಗಾಜಿನ ಗುಂಡುಗಳಾಗುತ್ತವೆ. ಗಾಜಿನ ಸ್ಥಿತಿಯಲ್ಲಿರುವ ಸಿಲಿಕಾ ಮಾತ್ರ ಸುಣ್ಣದೊಡನೆ ಚುರುಕಾಗಿ ಕೂಡುತ್ತದೆ. ಪೊಝೂಲಿಯ ಬೂದಿ ಕೆಲಸ ಮಾಡಿದ್ದೂ ಇದೇ ಕಾರಣಕ್ಕೆ, ನಮ್ಮ ಹಾರುಬೂದಿ ಕೆಲಸ ಮಾಡುವುದೂ ಇದೇ ಕಾರಣಕ್ಕೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಯಿಂದ ಹೊರಬರುವ ಸ್ಲ್ಯಾಗನ್ನು (ಕಬ್ಬಿಣದ ಕಿಟ್ಟವನ್ನು) ನೀರು ಹಾಯಿಸಿ ಒಮ್ಮೆಲೇ ತಣಿಸಿ ನುಣ್ಣಗೆ ಅರೆದಾಗಲೂ ಇಂಥದೇ ಪುಡಿ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬೂದಿ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಚಿಮಣಿಗೆ ಹೋಗುವ ಮುನ್ನ ವಿದ್ಯುತ್ ಬಲದಿಂದ ಹಿಡಿದ ಒಣ ನುಣುಪು ಬೂದಿ ಕಾಂಕ್ರೀಟಿಗೆ ಯೋಗ್ಯ. ನೀರಿನಲ್ಲಿ ಕದಡಿ ಹೊಂಡಕ್ಕೆ ಬಿಟ್ಟ ಬೂದಿ ಒರಟಾಗಿರುತ್ತದೆ, ಹಸಿಯಾಗಿರುತ್ತದೆ, ಅದನ್ನು ತಗ್ಗು ತುಂಬಲು, ಇಟ್ಟಿಗೆಯಲ್ಲಿ ಉಸುಕಿನ ಬದಲಿಗೆ ಬಳಸಬಹುದು, ಸಿಮೆಂಟಿನ ಬದಲಿಗೆ ಸಲ್ಲದು. ಹಾರುಬೂದಿಯ ಭಾರತೀಯ ಮಾನಕ ಐಎಸ್ 3812 ಪ್ರಕಾರ ಕಾಂಕ್ರೀಟಿನ ಬೂದಿಯಲ್ಲಿ 45 ಮೈಕ್ರಾನ್ ಜರಡಿಯ ಮೇಲೆ ಉಳಿಯುವ ಪಾಲು ಶೇ 34 ಮೀರಬಾರದು, ಸುಟ್ಟಾಗ ಕಳೆಯುವ ತೂಕ ಶೇ 5 ಮೀರಬಾರದು. ಬೂದಿ ತೀರಾ ಕಪ್ಪಗಿದ್ದರೆ ಅದರಲ್ಲಿ ಉರಿಯದ ಇದ್ದಿಲು ಹೆಚ್ಚಿದೆ ಎಂದರ್ಥ. ಮನೆ ಕಟ್ಟುವವರು ಸ್ವತಃ ಬೂದಿ ತಂದು ಬೆರೆಸುವ ಗೋಜಿಗೆ ಹೋಗುವುದು ಬೇಡ. ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ) ಸಿಮೆಂಟಿನಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿಯನ್ನು ಕಾರ್ಖಾನೆಯಲ್ಲೇ ಅಳತೆ ಮಾಡಿ ಬೆರೆಸಿರುತ್ತಾರೆ, ಪ್ರಮಾಣವನ್ನು ಚೀಲದ ಮೇಲೆ ಮುದ್ರಿಸಿರುತ್ತಾರೆ. ಸ್ಲ್ಯಾಗ್ ಸಿಮೆಂಟಿನಲ್ಲಿ ಸ್ಲ್ಯಾಗಿನ ಪಾಲು ಶೇ 25ರಿಂದ 70. ಇಂಥ ಸಿಮೆಂಟಿಗೆ ಇಟ್ಟಿಗೆ ಭಟ್ಟಿಯಿಂದ ತಂದ ಬೂದಿಯನ್ನು ಮತ್ತೆ ಬೆರೆಸುವುದನ್ನು ಎಲ್ಲಾದರೂ ಕಂಡರೆ ಕೆಲಸ ನಿಲ್ಲಿಸಿ.

‘ಬೂದಿ ಸಿಮೆಂಟು ಗಟ್ಟಿಯಾಗುವುದಿಲ್ಲ’ ಎಂಬ ದೂರು ನಮ್ಮ ಭಾಗದಲ್ಲಿ ಹೆಚ್ಚು. ದೂರು ಪೂರ್ತಿ ಸುಳ್ಳಲ್ಲ, ಆದರೆ ತಪ್ಪು ಸಿಮೆಂಟಿನದಲ್ಲ, ನೀರುಣಿಸುವವರದು. ಸಿಮೆಂಟು ಮೊದಲು ನೀರಿನೊಡನೆ ಕೂಡಿ ಸುಣ್ಣ ಬಿಡಬೇಕು, ಆ ಸುಣ್ಣದೊಡನೆ ಬೂದಿ ಆಮೇಲೆ ಕೂಡಬೇಕು. ಈ ಎರಡನೇ ಹೆಜ್ಜೆ ನಿಧಾನದ್ದು. ಅಷ್ಟರೊಳಗೆ ಕಾಂಕ್ರೀಟು ಒಣಗಿದರೆ ಬೂದಿ ಬರೀ ಪುಡಿಯಾಗಿ ಉಳಿಯುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಇಲ್ಲವೆ ಸ್ಲ್ಯಾಗ್ ಸೇರಿಸಿದ ಬೆರಕೆ ಸಿಮೆಂಟಿಗೆ 10 ದಿನ ಹಸಿಯಾಗಿಡಲು ಹೇಳುತ್ತದೆ. ಒಣ ಬಿಸಿ ಹವೆಯಲ್ಲಿ ಯಾವ ಸಿಮೆಂಟಿಗೂ 10 ದಿನಕ್ಕೆ ಕಡಿಮೆ ಇಲ್ಲ, ಬೆರಕೆ ಸಿಮೆಂಟಿಗೆ 14 ದಿನದ ಶಿಫಾರಸು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿಗೆ ಅನ್ವಯಿಸುವುದು ಈ 14. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪು ಹಿಡಿದರೆ ಇಲ್ಲಿ ಸಾಲದು, ಕಂಬದ ಮೈ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಕಂಬಕ್ಕೆ ಎರಡು ಸುತ್ತು ಗೋಣಿತಟ್ಟು ಕಟ್ಟಿ ತೋಯಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಬೇಕು. ಹೀಗೆ ಮಾಡಿದರೆ ಬೂದಿ ಬೆರೆತ ಕಾಂಕ್ರೀಟಿನ ರಂಧ್ರಗಳು ಮುಚ್ಚಿಕೊಂಡು ನೀರು, ಉಪ್ಪು ಒಳಗಿಳಿಯುವುದು ಕಡಿಮೆಯಾಗುತ್ತದೆ. ಮಾಡದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಬೇಗ ಒಳಗಿಳಿದು ಸರಳಿಗೆ ತುಕ್ಕು ಹಿಡಿಯುತ್ತದೆ. ಅಂದರೆ ಅಸಡ್ಡೆ ಮಾಡಿದ ಬೆರಕೆ ಸಿಮೆಂಟು ಸಾದಾ ಸಿಮೆಂಟಿಗಿಂತ ಕೆಟ್ಟದ್ದು. ರೋಮನ್ ಕಾಂಕ್ರೀಟಿನಲ್ಲಿ ಸರಳುಗಳಿರಲಿಲ್ಲ. ಅದು ಅಷ್ಟು ಕಾಲ ಬಾಳಿದ್ದಕ್ಕೆ ತುಕ್ಕು ಹಿಡಿಯಲು ಒಳಗೆ ಏನೂ ಇಲ್ಲದಿದ್ದುದೂ ಒಂದು ದೊಡ್ಡ ಕಾರಣ.

2023ರಲ್ಲಿ ಅಮೆರಿಕದ ಎಂಐಟಿ ತಂಡ ಪ್ರಕಟಿಸಿದ ಅಧ್ಯಯನ ಇನ್ನೊಂದು ಕಾರಣವನ್ನು ಮುಂದಿಟ್ಟಿತು. ರೋಮನ್ ಗಾರೆಯಲ್ಲಿ ಕಾಣುವ ಬಿಳಿ ಸುಣ್ಣದ ಹರಳುಗಳು ಕಲಸುವವರ ಅಜಾಗ್ರತೆಯಿಂದ ಉಳಿದವಲ್ಲ, ಸುಡುಸುಣ್ಣವನ್ನು ಬಿಸಿಯಾಗಿಯೇ ಕಲಸಿದ್ದರಿಂದ ಉಳಿದವು. ಬಿರುಕಿನಲ್ಲಿ ನೀರು ಇಳಿದಾಗ ಈ ಹರಳು ಕರಗಿ, ಬಿರುಕಿನಲ್ಲೇ ಮತ್ತೆ ಗಟ್ಟಿಯಾಗಿ ಅದನ್ನು ಮುಚ್ಚುತ್ತದೆ. ಇದನ್ನು ಓದಿ ಯಾರೂ ಮನೆಯ ಕಾಂಕ್ರೀಟಿಗೆ ಸುಡುಸುಣ್ಣ ಹಾಕಬಾರದು. ನೀರು ತಗುಲಿದೊಡನೆ ಅದು ಕುದಿದು ಕಣ್ಣು, ಚರ್ಮ ಸುಡುತ್ತದೆ, ಸರಿಯಾಗಿ ಅರಳದೆ ಉಳಿದ ಕಣ ತಿಂಗಳುಗಳ ಬಳಿಕ ಹಿಗ್ಗಿ ಗಿಲಾವನ್ನು ಸಿಡಿಸುತ್ತದೆ. ಗಿಲಾವಿನ ಸುಣ್ಣದ ವಿಷಯದಲ್ಲಿ ರೋಮನ್ನರೇ ಎಷ್ಟು ಕಟ್ಟುನಿಟ್ಟಾಗಿದ್ದರೆಂದರೆ, ಮೂರು ವರ್ಷ ಹಳೆಯದಾಗದ ಸುಣ್ಣ ಬಳಸಬಾರದೆಂಬ ನಿಯಮ ಹಿಂದೆ ಇತ್ತೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ.

ಸುಣ್ಣದ ಗಾರೆಗೆ ಇಂದು ಸರಿಯಾದ ಜಾಗ ಹಳೆಯ ಮನೆಗಳ ದುರಸ್ತಿ. ಆನೆಗೊಂದಿ, ಮುದಗಲ್ಲು, ರಾಯಚೂರು ಕೋಟೆಯೊಳಗಿನ ಓಣಿಗಳಲ್ಲಿ ಕಲ್ಲು, ಸುಣ್ಣ, ಮಣ್ಣಿನ ಗೋಡೆಗಳಿಗೆ ಈಗ ಸಿಮೆಂಟ್ ಗಿಲಾವು ಬಳಿಯುತ್ತಾರೆ. ನೆಲದಿಂದ ಏರುವ ತೇವ ಹೊರಬರಲು ದಾರಿಯಿಲ್ಲದೆ ಗೋಡೆಯೊಳಗೇ ಮೇಲೇರುತ್ತದೆ, ಉಪ್ಪು ಹೂಬಿಟ್ಟು ಎರಡು ಮೂರು ವರ್ಷದಲ್ಲಿ ಗಿಲಾವು ಹಪ್ಪಳದಂತೆ ಏಳುತ್ತದೆ. ಅಲ್ಲಿ ಬೇಕಾದ್ದು ಕನಿಷ್ಠ ಎರಡು ವಾರ ನೀರಿನಲ್ಲಿ ಕೊಳೆಸಿದ ಸುಣ್ಣ ಒಂದು ಪಾಲು, ಸುರ್ಕಿ ಒಂದು ಪಾಲು, ಉಸುಕು ಎರಡು ಪಾಲು. ಸುರ್ಕಿಗೆ ಹದವಾಗಿ ಬೆಂದ ಇಟ್ಟಿಗೆ ಆರಿಸಬೇಕು. ಅತಿಯಾಗಿ ಬೆಂದು ಕರಿಗಟ್ಟಿದ ಇಟ್ಟಿಗೆಯ ಪುಡಿ ಸುಣ್ಣದೊಡನೆ ಕೂಡುವುದಿಲ್ಲ. ಪರೀಕ್ಷೆ ಸುಲಭ: ಸುಣ್ಣ–ಸುರ್ಕಿ ಕಲಸಿ ನಿಂಬೆ ಗಾತ್ರದ ಉಂಡೆ ಮಾಡಿ, ಒಂದು ವಾರ ಒದ್ದೆ ಬಟ್ಟೆಯಲ್ಲಿಟ್ಟು, ಆಮೇಲೆ ನೀರಿನಲ್ಲಿ ಮುಳುಗಿಸಿ. ಮರುದಿನ ಕರಗಿ ಕೂತಿದ್ದರೆ ಆ ಸುರ್ಕಿ ಬೇಡ.

ಇನ್ನು ಕಂಬ. ಈ ಮುಂಭಾಗ ನಮ್ಮೂರಿಗೆ ಬಂದ ದಾರಿ ದೀರ್ಘವಾದದ್ದು. 16ನೇ ಶತಮಾನದಲ್ಲಿ ಇಟಲಿಯ ವಾಸ್ತುಶಿಲ್ಪಿ ಆಂಡ್ರಿಯಾ ಪಲ್ಲಾಡಿಯೊ ರೋಮಿನ ಅವಶೇಷಗಳನ್ನು ಅಳೆದು, ದೇವಾಲಯದ ಮುಂಭಾಗವನ್ನು ಮನೆಗಳಿಗೆ ಜೋಡಿಸಿದ. ಇಂಗ್ಲೆಂಡಿನವರು ಅದನ್ನು ಒಪ್ಪಿ ಅಪ್ಪಿಕೊಂಡರು. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮರಿಂದ ಕಂಪನಿ ಸರ್ಕಾರದ ಕೈಸೇರಿ, ಮದ್ರಾಸ್ ಪ್ರಾಂತ್ಯದ ದಂಡು ಇಲ್ಲಿ ನೆಲೆಯೂರಿದ ಮೇಲೆ ಕಂಬಸಾಲಿನ ಜಗಲಿಗಳೂ ಬಂದವು. ಬೆಂಗಳೂರಿನ ಅಠಾರಾ ಕಚೇರಿಯದೂ ಪುರಭವನದ್ದೂ ಇದೇ ವಂಶ. ಅಂದಿನ ಕಂಬ ನಿಜವಾಗಿ ಭಾರ ಹೊರುತ್ತಿತ್ತು. ಇಂದಿನದು ಬಹುಪಾಲು ಆರ್‌ಸಿಸಿ (ಸರಳು ಹಾಕಿದ ಕಾಂಕ್ರೀಟು) ಕಂಬಕ್ಕೆ ತೊಡಿಸಿದ ಅಂಗಿ. ತೊಡಿಸುವುದೇ ತಪ್ಪೆಂದು ನಾವು ಹೇಳುವುದಿಲ್ಲ. ರೋಮಿನ ಕೊಲೋಸಿಯಮ್ಮಿನ ಹೊರಗೋಡೆಯಲ್ಲೂ ಭಾರ ಹೊರುವುದು ಕಮಾನುಗಳು ಮತ್ತು ಅವುಗಳ ನಡುವಿನ ದಪ್ಪ ಕಾಲುಗಳು. ಅವುಗಳ ಮುಖಕ್ಕೆ ಅಂಟಿದ ಅರ್ಧ ಕಂಬಗಳು ಅಲಂಕಾರವೇ.

ಆದರೆ ಅಳತೆ ತಪ್ಪಿದರೆ ಅಲಂಕಾರವೂ ಕೆಡುತ್ತದೆ. ಕಂಬದ ಬುಡದ ಅಡ್ಡಳತೆಯನ್ನು ಒಂದು ಎಂದಿಟ್ಟುಕೊಂಡರೆ ಎತ್ತರ ಟಸ್ಕನ್ ಶೈಲಿಯಲ್ಲಿ ಏಳು, ಡೋರಿಕ್‌ನಲ್ಲಿ ಎಂಟು, ಅಯಾನಿಕ್‌ನಲ್ಲಿ ಒಂಬತ್ತು, ಎಲೆ ಕೆತ್ತನೆಯ ಕೊರಿಂಥಿಯನ್‌ನಲ್ಲಿ ಹತ್ತು. 20 ಅಡಿ ಎತ್ತರದ ಕೊರಿಂಥಿಯನ್ ಕಂಬಕ್ಕೆ ಬುಡ ಎರಡು ಅಡಿ ಇರಬೇಕು. ನಮ್ಮಲ್ಲಿ ಬಾಡಿಗೆಗೆ ಸಿಗುವ 12 ಇಂಚಿನ ಫೈಬರ್ ಅಚ್ಚನ್ನೇ ಒಂದರ ಮೇಲೊಂದು ಏರಿಸಿ 20 ಅಡಿ ಎಬ್ಬಿಸುತ್ತಾರೆ. ಮನೆ ಎಷ್ಟೇ ಗಟ್ಟಿಯಿದ್ದರೂ ನೋಡುವವರಿಗೆ ಈಗ ಮುರಿದೀತು ಎಂಬ ಭಾವ ಬರುತ್ತದೆ. ಕಂಬ ಕೆಳಗಿನ ಮೂರನೇ ಒಂದು ಭಾಗದವರೆಗೆ ನೆಟ್ಟಗಿದ್ದು, ಅಲ್ಲಿಂದ ನಿಧಾನವಾಗಿ ಕಿರಿದಾಗಿ ನೆತ್ತಿಯಲ್ಲಿ ಬುಡದ ಆರರಲ್ಲಿ ಐದು ಪಾಲು ಉಳಿಯಬೇಕು. ನೇರ ಪೈಪಿನಂಥ ಅಚ್ಚಿನಲ್ಲಿ ಇದು ಬರುವುದೇ ಇಲ್ಲ. ಕಂಬಗಳ ನಡುವಿನ ತೆರಪಿಗೆ ವಿಟ್ರೂವಿಯಸ್ ಮೆಚ್ಚಿದ ಅಳತೆ ಎರಡೂಕಾಲು ಅಡ್ಡಳತೆ, ಬಾಗಿಲ ಎದುರಿನ ನಡುತೆರಪು ಮಾತ್ರ ಮೂರು. ಮೂರಕ್ಕಿಂತ ಹೆಚ್ಚಾದರೆ ಕಲ್ಲಿನ ತೊಲೆ ಒಡೆಯುತ್ತದೆಂದು ಮರದ ತೊಲೆ ಹಾಕಿಸುತ್ತಿದ್ದರು. ಇಂದು ಬೀಮು 15 ಅಡಿ ದಾಟುತ್ತದೆ, ಆದರೆ ಕಣ್ಣು ಹಳೆಯ ಲೆಕ್ಕವನ್ನೇ ಕೇಳುತ್ತದೆ. ಕಾರು ನುಗ್ಗಬೇಕಾದ ಪೋರ್ಟಿಕೋಗೆ ಎರಡೆರಡು ಕಂಬಗಳನ್ನು ಜೋಡಿಯಾಗಿ ನಿಲ್ಲಿಸಿದರೆ ತೆರಪು ಅಗಲವಿದ್ದರೂ ಒಪ್ಪುತ್ತದೆ.

ಗಟ್ಟಿತನದ ವಿಷಯ ಇನ್ನೂ ಮುಖ್ಯ. 20 ಅಡಿ, ಅಂದರೆ 6 ಮೀಟರ್ ಎತ್ತರಕ್ಕೆ ನಡುವೆ ಯಾವ ಬೀಮಿನ ಆಸರೆಯೂ ಇಲ್ಲದೆ ನಿಂತ 300 ಮಿ.ಮೀ. ಕಂಬದ ಎತ್ತರ–ಅಗಲದ ಅನುಪಾತ 20. ಇದು 12 ಮೀರಿದರೆ ಸಪೂರ ಕಂಬವೆಂದು ಪರಿಗಣಿಸಿ, ಬಾಗುವ ಬಲಕ್ಕೂ ಸರಳು ಲೆಕ್ಕ ಹಾಕಬೇಕು. ಒಳಮನೆಯ 10 ಅಡಿ ಕಂಬದ ಸರಳನ್ನೇ ಇಲ್ಲಿಗೂ ನಕಲು ಮಾಡುವುದು ಅಪಾಯ. ದುಂಡು ಕಂಬಕ್ಕೆ ಕನಿಷ್ಠ ಆರು ಸರಳು ಬೇಕು, ನಾಲ್ಕು ಸಾಲದು. 12 ಮಿ.ಮೀ. ಸರಳಾದರೆ ಅವುಗಳನ್ನು ಸುತ್ತಿ ಹಿಡಿಯುವ ರಿಂಗುಗಳ ಅಂತರ 190 ಮಿ.ಮೀ. ಮೀರಬಾರದು. ಗೆರೆ ಕೊರೆದ ಅಚ್ಚಿನಲ್ಲಿ ಸರಳಿನ ಮೇಲಿನ 40 ಮಿ.ಮೀ. ಕಾಂಕ್ರೀಟ್ ಹೊದಿಕೆಯನ್ನು (ಕವರ್) ಉಬ್ಬಿನಿಂದಲ್ಲ, ತಗ್ಗಿನಿಂದ ಅಳೆಯಬೇಕು. 20 ಮಿ.ಮೀ. ಆಳದ ಗೆರೆಯಿದ್ದು ಉಬ್ಬಿನಿಂದ ಅಳೆದರೆ ತಗ್ಗಿನಲ್ಲಿ ಉಳಿಯುವುದು 20 ಮಾತ್ರ. ತುಕ್ಕಿನ ಕಂದು ಗೆರೆ ಮೊದಲು ಕಾಣುವುದು ಅಲ್ಲೇ. ಇಂಥ ಅಚ್ಚಿಗೆ 20 ಮಿ.ಮೀ. ಜಲ್ಲಿ ದಪ್ಪವಾಯಿತು, 12 ಮಿ.ಮೀ. ಇರಲಿ. ಕಾಂಕ್ರೀಟನ್ನು 20 ಅಡಿ ಮೇಲಿಂದ ಸುರಿದರೆ ಜಲ್ಲಿ ಮೊದಲು ಬಿದ್ದು ಬುಡದಲ್ಲಿ ಜೇನುಗೂಡಿನಂತೆ ತೂತುಗಳು ಉಳಿಯುತ್ತವೆ. ಒಂದೂವರೆ ಮೀಟರಿಗಿಂತ ಹೆಚ್ಚು ಎತ್ತರದಿಂದ ಬೀಳದಂತೆ ಪೈಪು ಇಳಿಬಿಟ್ಟು, ಹಂತಹಂತವಾಗಿ ವೈಬ್ರೇಟರ್ ಹಿಡಿಯಬೇಕು. ಎಂ20 ದರ್ಜೆಯ ಕಾಂಕ್ರೀಟಿಗೆ 50 ಕೆ.ಜಿ. ಸಿಮೆಂಟ್ ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಸೇರಕೂಡದು. ಅಚ್ಚಿನೊಳಗೆ ಸಲೀಸಾಗಿ ಇಳಿಯಲಿ ಎಂದು ಸುರಿಯುವ ಹೆಚ್ಚುವರಿ ಒಂದು ಬಕೆಟ್ ನೀರು ಕಂಬದ ಬಲವನ್ನೇ ತಿನ್ನುತ್ತದೆ. ನೆತ್ತಿಯ ಎಲೆ ಕೆತ್ತನೆಯನ್ನು ಪಿಒಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮಾಡಿ ಹೊರಗೆ ಕೂರಿಸಬೇಡಿ. ಅದು ಜಿಪ್ಸಮ್, ಮಳೆಗೆ ಮೆತ್ತಗಾಗುತ್ತದೆ. ಹೊರಗಿನ ಕೆಲಸಕ್ಕೆ ಸಿಮೆಂಟ್ ಅಥವಾ ಜಿಆರ್‌ಸಿ (ಗಾಜಿನ ನಾರು ಬೆರೆಸಿದ ಕಾಂಕ್ರೀಟು) ಅಚ್ಚು, ತುಕ್ಕು ಹಿಡಿಯದ ಸ್ಟೀಲ್ ಬೋಲ್ಟು.

ಇಷ್ಟೆಲ್ಲ ಸರಿ ಮಾಡಿಯೂ ಸೋಲುವ ಜಾಗ ಒಂದಿದೆ, ಅದು ಪಾಯ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ. ಮನೆಯ ಪಾಯ ಆಳದ ಗರಸಿನ ಮೇಲೆ ಕೂತಿರುತ್ತದೆ. ಪೋರ್ಟಿಕೋ ಆಮೇಲೆ ಹೊಳೆದ ಯೋಚನೆಯಾದ್ದರಿಂದ ಅದರ ಕಂಬಗಳಿಗೆ ಮೂರು ಅಡಿ ಗುಂಡಿ ತೋಡಿ ಮುಗಿಸುತ್ತಾರೆ. ಮಳೆಗಾಲದಲ್ಲಿ ಕಂಬ ಏಳುತ್ತದೆ, ಮನೆ ಏಳುವುದಿಲ್ಲ. ಪೋರ್ಟಿಕೋ ಸ್ಲ್ಯಾಬು ಮನೆಗೆ ಸೇರುವ ಕಡೆ ಅಡ್ಡ ಬಿರುಕು ಬರುವುದು ಇದರಿಂದಲೇ. ಗೌಂಡಿ ಅದಕ್ಕೆ ವೈಟ್ ಸಿಮೆಂಟ್ ತುಂಬುತ್ತಾನೆ, ಮುಂದಿನ ವರ್ಷ ಮತ್ತೆ ಬಾಯಿ ಬಿಡುತ್ತದೆ. ಗರಸು ಸಿಗುವವರೆಗೆ ಅಗೆಯುವುದೊಂದೇ ದಾರಿ. ಗರಸು ತೀರಾ ಆಳದಲ್ಲಿದ್ದರೆ ಕನಿಷ್ಠ 3.5 ಮೀಟರ್ ಆಳದ, ಬುಡ ಅಗಲಿಸಿದ ಪೈಲು (ನೆಲದೊಳಗಿನ ಕಾಂಕ್ರೀಟ್ ಕಂಬ) ಹಾಕಿ, ಅವುಗಳನ್ನು ಜೋಡಿಸುವ ಬೀಮಿನ ಅಡಿ ಮೂರು ಇಂಚು ಖಾಲಿ ಬಿಡಬೇಕು. ಮಣ್ಣು ಉಬ್ಬಿದಾಗ ಆ ಖಾಲಿ ಜಾಗಕ್ಕೆ ಉಬ್ಬಲಿ. ಕಂಬದ ಬುಡಕ್ಕೇ ಹುಲ್ಲುಹಾಸು ಮಾಡಿ ದಿನವೂ ನೀರು ಬಿಡುವುದನ್ನೂ ನಿಲ್ಲಿಸಬೇಕು, ಕನಿಷ್ಠ ನಾಲ್ಕು ಅಡಿ ಪರಸಿ ಕಲ್ಲು ಹಾಸಿ ಇಳಿಜಾರು ಕೊಡಿ.

ಕಮಾನಿನ ಮಾತು. ಕಮಾನು ತನ್ನ ಮೇಲಿನ ಭಾರವನ್ನು ಕೆಳಗಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ. ಭಾರ ಸಮನಾಗಿ ಹರಡಿದೆ ಎಂದಿಟ್ಟುಕೊಂಡರೆ, ಕಮಾನಿನ ಏರು ಅಗಲದ ಅರ್ಧದಷ್ಟಿದ್ದಾಗ ಪಕ್ಕದ ತಳ್ಳು ಒಟ್ಟು ಭಾರದ ಸುಮಾರು ಕಾಲು ಪಾಲು. ಏರನ್ನು ಅಗಲದ ಆರನೇ ಒಂದಕ್ಕೆ ಇಳಿಸಿದರೆ ತಳ್ಳು ಮುಕ್ಕಾಲು ಪಾಲಾಗುತ್ತದೆ, ಹತ್ತನೇ ಒಂದಕ್ಕೆ ಇಳಿಸಿದರೆ ಭಾರವನ್ನೂ ಮೀರುತ್ತದೆ. ರೋಮನ್ನರು ಅರ್ಧವೃತ್ತವನ್ನೇ ನೆಚ್ಚಿಕೊಂಡದ್ದರಲ್ಲಿ ಈ ವಿವೇಕವಿದೆ. ಕೊಲೋಸಿಯಮ್ ನೆಲಮಟ್ಟದ 80 ಕಮಾನುಗಳು ಅಂಡಾಕಾರದಲ್ಲಿ ಸುತ್ತಿ ಬರುವುದರಿಂದ ಪ್ರತಿಯೊಂದೂ ಪಕ್ಕದ್ದಕ್ಕೆ ಒರಗುತ್ತದೆ, ಕೊನೆಯ ಕಮಾನು ಎಂಬುದೇ ಅಲ್ಲಿಲ್ಲ. ನಮ್ಮ ಜಗಲಿಗೆ ಮೂಲೆಯಿದೆ. ಮೂಲೆಯ 9 ಇಂಚಿನ ಇಟ್ಟಿಗೆ ಕಂಬ ಕೊನೆಯ ಕಮಾನಿನ ತಳ್ಳಿಗೆ ಹೊರಕ್ಕೆ ವಾಲುತ್ತದೆ, ಕಮಾನಿನ ನೆತ್ತಿ ಕೆಳಗಿನಿಂದ ಸೀಳುತ್ತದೆ. ಮೂಲೆಯ ಕಾಲನ್ನು ಉಳಿದವಕ್ಕಿಂತ ದಪ್ಪ ಮಾಡಿ, ಅಥವಾ ಕಮಾನಿನ ಬುಡಮಟ್ಟದಲ್ಲಿ ಕಂಬದಿಂದ ಕಂಬಕ್ಕೆ ಆರ್‌ಸಿಸಿ ಪಟ್ಟಿ ಕಟ್ಟಿ. ಬೀಮಿನ ಕೆಳಗೆ ಶೋಕಿಗೆ ಇಟ್ಟಿಗೆಯಲ್ಲಿ ತುಂಬಿದ ಕಮಾನಾದರೆ ತಳ್ಳಿನ ಭಯವಿಲ್ಲ, ಆದರೆ ಇಟ್ಟಿಗೆ ಮತ್ತು ಕಾಂಕ್ರೀಟು ಬಿಸಿಲಿಗೆ ಬೇರೆಬೇರೆ ಹಿಗ್ಗುವುದರಿಂದ ಸಂದಿನಲ್ಲಿ ಕೂದಲೆಳೆ ಬಿರುಕು ಬರುತ್ತದೆ. ಗಿಲಾವಿಗೆ ಮುನ್ನ ಸಂದಿನ ಎರಡೂ ಕಡೆ ಆರಾರು ಇಂಚು ಬರುವಂತೆ ಕೋಳಿ ಜಾಲರಿ ಬಡಿದರೆ ಅದು ನಿಲ್ಲುತ್ತದೆ.

ಗುಮ್ಮಟದ ಬಗ್ಗೆ ಚಿಕ್ಕದಾಗಿ. ರೋಮಿನ ಸುಮಾರು 1900 ವರ್ಷ ಹಳೆಯ ದೇವಾಲಯ ಪ್ಯಾಂಥಿಯನ್ನಿನ ಗುಮ್ಮಟದ ಅಗಲ 43.3 ಮೀಟರ್. ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಅದೇ ದೊಡ್ಡದು. ಬುಡದಲ್ಲಿ ಸುಮಾರು ಆರು ಮೀಟರ್ ದಪ್ಪ, ನೆತ್ತಿಗೆ ಬಂದಾಗ ಒಂದೂಕಾಲು ಮೀಟರಿನಷ್ಟು. ಕಲಸಿದ ಕಲ್ಲೂ ಹಾಗೆಯೇ: ಕೆಳಗೆ ಭಾರದ ಕಲ್ಲು, ನಡುವೆ ಇಟ್ಟಿಗೆ ಚೂರು, ನೆತ್ತಿಯಲ್ಲಿ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು. ಗುಮ್ಮಟ ನೆತ್ತಿಯಿಂದ ಸುಮಾರು 52 ಡಿಗ್ರಿ ಇಳಿದ ಮೇಲೆ ಹೊರಕ್ಕೆ ಬಿರಿಯಲು ನೋಡುತ್ತದೆ. ರೋಮನ್ನರು ದಪ್ಪ ಗೋಡೆಯಿಂದ ಅದನ್ನು ಹಿಡಿದರು, ನಾವು ಬುಡದ ರಿಂಗ್ ಬೀಮಿನ ಸರಳಿನಿಂದ ಹಿಡಿಯುತ್ತೇವೆ. ಆ ಸರಳುಗಳ ಜೋಡಣೆಗಳೆಲ್ಲ ಒಂದೇ ಜಾಗದಲ್ಲಿ ಬಂದರೆ ಗುಮ್ಮಟ ಸೀಳುವುದು ಅಲ್ಲಿಯೇ, ಜೋಡಣೆಗಳನ್ನು ಸುತ್ತಲೂ ಹಂಚಬೇಕು. ಪ್ಯಾಂಥಿಯನ್ನಿನ ನೆತ್ತಿಯ ಕಂಡಿ ಇಂದಿಗೂ ಬಯಲಿಗೆ ತೆರೆದಿದೆ, ಒಳಗೆ ಬಿದ್ದ ಮಳೆ ನೆಲದ ತೂತುಗಳಿಂದ ಹೊರಹೋಗುತ್ತದೆ. ನಾವು ಮಾಳಿಗೆಯ ಕಂಡಿಗೆ ಪಾಲಿಕಾರ್ಬೊನೇಟ್ ಹಾಳೆ ಮುಚ್ಚಿ ಬಿಸಿಗಾಳಿಯನ್ನು ಮನೆಯೊಳಗೇ ಕೂಡಿಹಾಕುತ್ತೇವೆ. ಕಂಡಿಯ ಸುತ್ತ ಆರು ಇಂಚಿನ ಕಟ್ಟೆ ಎಬ್ಬಿಸಿ, ಹಾಳೆಯನ್ನು ಅದರಿಂದ ಇನ್ನೂ ನಾಲ್ಕು ಇಂಚು ಎತ್ತರದಲ್ಲಿ ನಿಲ್ಲಿಸಿ, ಬದಿಗೆ ಜಾಲರಿ ಬಿಟ್ಟರೆ ಮಳೆ ಒಳಬರದು, ಬಿಸಿ ಹೊರಹೋಗುತ್ತದೆ. ಕೊಪ್ಪಳ, ರಾಯಚೂರಿನ ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿ ಈ ಕೆಲಸವನ್ನು ಮೊದಲೇ ಮಾಡುತ್ತಿತ್ತು.

ಮಳೆನೀರಿಗೂ ರೋಮನ್ ಮನೆಯಲ್ಲಿ ಜಾಗವಿತ್ತು. ನಡುಅಂಗಳದ ಸುತ್ತಲ ಮಾಳಿಗೆ ಒಳಕ್ಕೆ ವಾಲಿ, ನೀರು ತೊಟ್ಟಿಗೆ ಬಿದ್ದು, ಅಲ್ಲಿಂದ ನೆಲದಡಿಯ ಹೊಂಡಕ್ಕೆ ಇಳಿಯುತ್ತಿತ್ತು. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಎಂದಿಟ್ಟರೂ ಸಾವಿರ ಚದರಡಿ ಮಾಳಿಗೆಯಿಂದ ಶೇ 80 ಹಿಡಿದರೆ 44 ಸಾವಿರ ಲೀಟರ್ ಸಿಗುತ್ತದೆ. ಎಲೆ ಕೆತ್ತನೆಯ ಎರಡು ಕಂಬದ ಹಣದಲ್ಲಿ ಒಂದು ಸಂಪು ಕಟ್ಟಬಹುದು. ಕಂಬದ ಮೇಲೆ ಓಡುವ ಕಾರ್ನಿಸ್ ಕೂಡ ಮೂಲದಲ್ಲಿ ಅಲಂಕಾರವಲ್ಲ, ಗೋಡೆಗೆ ನೀರು ಇಳಿಯದಂತೆ ದೂರ ಚೆಲ್ಲುವ ಅಂಚು. ಅದರ ತಲೆಗೆ ಹೊರಮುಖದ ಇಳಿಜಾರು, ಕೆಳ ಅಂಚಿಗೆ ಅರ್ಧ ಇಂಚಿನ ಗ್ರೂವ್ ಕೊಡದಿದ್ದರೆ ನೀರು ತಿರುಗಿ ಗೋಡೆಗೇ ಬರುತ್ತದೆ. ಹೊಸ ಮನೆಗಳ ಕಾರ್ನಿಸ್ ಅಡಿಯಲ್ಲಿ ಕಾಣುವ ಕಪ್ಪು ಪಾಚಿಯ ಪಟ್ಟಿಗೆ ಕಾರಣ ಈ ಒಂದು ಗ್ರೂವ್ ಇಲ್ಲದಿರುವುದು. ಥರ್ಮೋಕೋಲ್ ಕಾರ್ನಿಸನ್ನು ಬರೀ ಅಂಟಿನ ಮೇಲೆ ನಿಲ್ಲಿಸಿದರೆ ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಕಳಚಿ ಕೆಳಗೆ ನಿಂತವರ ತಲೆಯ ಮೇಲೆ ಬೀಳುತ್ತದೆ. ಎರಡು ಅಡಿಗೊಂದು ಆಂಕರ್ ಬೋಲ್ಟು ಇರಲೇಬೇಕು.

ಸಂಬಂಧಪಟ್ಟವರಲ್ಲಿ ಎರಡು ಮನವಿ. ಮೂರೂ ಜಿಲ್ಲೆಗಳ ನಿರ್ಮಿತಿ ಕೇಂದ್ರಗಳು ತಮ್ಮ ಆವರಣದಲ್ಲಿ ಸುರ್ಕಿ ಗಾರೆಯ ಒಂದು ಗೋಡೆ, ಹಾರುಬೂದಿ ಕಾಂಕ್ರೀಟಿನ ಒಂದು ದುಂಡು ಕಂಬ, ಸರಳಿಲ್ಲದ ಒಂದು ಇಟ್ಟಿಗೆ ಕಮಾನು ಕಟ್ಟಿಸಿ, ಗೌಂಡಿಗಳಿಗೆ ಕೂಲಿ ಕೊಟ್ಟು ಎರಡು ದಿನದ ತರಬೇತಿ ನಡೆಸಲಿ. ಕೂಲಿ ಕೊಡದೆ ಕರೆದರೆ ದಿನದ ದುಡಿಮೆ ಬಿಟ್ಟು ಯಾರೂ ಬರಲಾರರು. ಕಟ್ಟಡ ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆಗಳು ಎರೆ ಮಣ್ಣಿನ ನಿವೇಶನಗಳಲ್ಲಿ ಪೋರ್ಟಿಕೋ ಕಂಬಗಳ ಪಾಯದ ಆಳ ಮತ್ತು ಸರಳಿನ ವಿವರವನ್ನು ಮನೆಯ ನಕ್ಷೆಯೊಂದಿಗೇ ಕೇಳಿ ಪಡೆಯಲಿ, ಪಾಯದ ಗುಂಡಿ ಮುಚ್ಚುವ ಮುನ್ನ ಒಮ್ಮೆ ಬಂದು ಅಳೆದು ನೋಡಲಿ.

ಇತಿ ತಮ್ಮ ವಿಶ್ವಾಸಿಗಳು,

ಕಟ್ಟಡ ನಿರ್ಮಾಣ ಕ್ಷೇತ್ರದ ಇಬ್ಬರು ಎಂಜಿನಿಯರುಗಳು,
ಬಳ್ಳಾರಿ ಮತ್ತು ಕೊಪ್ಪಳ